ಒಂದು ನೀಡಚಿತ್ರದ ವಿಚಾರ

ನಮ್ಮ ಮೈಸೂರಿನ ಮನೆಗಳಲ್ಲಿ ಹಕ್ಕಿಯ ಚಿತ್ರವೆಂದರೆ ಬಹುಕಾಲ ರವಿವರ್ಮನ ಹಂಸ-ದಮಯಂತಿಯ ಅಚ್ಚೇ ಆಗಿದ್ದಿತು. ಅಲ್ಲಿ ಹಂಸವು ದೂತನೇ ಹೊರತು ಪಕ್ಷಿಯಲ್ಲ. ಈಚೆಗೆ ಸರಸ್ವತೀಪುರದ ಬಂಧುಗಳ ನಡುಮನೆಯಲ್ಲಿ ಬೇರೊಂದು ಬಗೆಯ ಅಚ್ಚನ್ನು ಕಂಡೆನು. ಥ್ರಷ್ ಎಂಬ ಕಾಡಿನ ಹಾಡುಹಕ್ಕಿಯ ಗೂಡು, ಅದರಲ್ಲಿ ನೀಲಿಹಸಿರಿನ ಮೊಟ್ಟೆಗಳು. ಹಕ್ಕಿಯ ಸುಳಿವೇ ಇಲ್ಲ. ಗೃಹಸ್ಥನಿಲ್ಲದ ಮನೆಯನ್ನು ಬರೆದು ಫಲವೇನೆಂದು ಮೊದಲು ನಕ್ಕೆನು. ಆ ನಗೆಯು ಅವಿಚಾರದ್ದೆಂದು ಈಗ ಒಪ್ಪಿಕೊಳ್ಳುವೆನು.

ಇದರ ಮೂಲವು ಅಮೆರಿಕದ ಒಹಾಯೋ ಸೀಮೆಯ ಸರ್ಕಲ್‌ವಿಲ್ ಊರಿನ ಜೋನ್ಸ್ ಕುಟುಂಬದವರು 1879ರಿಂದ 1886ರವರೆಗೆ ಭಾಗಭಾಗವಾಗಿ ಹೊರತಂದ ಗ್ರಂಥ. 68 ಫಲಕಗಳು, ಕಲ್ಲಚ್ಚಿನ ಮೇಲೆ ಕೈಯಿಂದ ತುಂಬಿದ ಬಣ್ಣ. 1876ರ ಫಿಲಡೆಲ್ಫಿಯ ಪ್ರದರ್ಶನದಲ್ಲಿ ಆಡುಬಾನನ ಪಕ್ಷಿಚಿತ್ರಗಳನ್ನು ಕಂಡ ಮಗಳು ಜೆನೆವೀವಳು ಗೂಡುಗಳನ್ನು ತಾನು ಬರೆಯುವೆನೆಂದು ಹೊರಟಳು. ಮೊದಲ ಭಾಗ ಬಂದ ವರ್ಷವೇ, 32ನೆಯ ವಯಸ್ಸಿನಲ್ಲಿ, ವಿಷಮಶೀತಜ್ವರದಿಂದ ತೀರಿಕೊಂಡಳು. ತಾಯಿ ವರ್ಜೀನಿಯಾ ಮಗಳ ಕುಂಚವನ್ನು ತಾನು ಹಿಡಿದಳು. ತಮ್ಮನು ಗೂಡುಗಳನ್ನು ಕೂಡಿಸಿ ವಿವರಣೆ ಬರೆದನು. ವೈದ್ಯನಾದ ತಂದೆಯು ಹಣವನ್ನು ಸುರಿದನು.

ಈ ಕಥೆ ಕೇಳಿ ವಿಮರ್ಶಕನು ಕನಿಕರಕ್ಕೆ ಸೋತನೆಂದು ವಾಚಕರು ಹೇಳಬಾರದಷ್ಟೆ. ಆದುದರಿಂದ ಚಿತ್ರವನ್ನೇ ನೋಡೋಣ. ಒಣಗಿದ ಎಲೆ, ಹುಲ್ಲು, ಬೇರು, ಒಂದೊಂದನ್ನೂ ಬೇರೆಬೇರೆಯಾಗಿ ಎಣಿಸಬಹುದು. ನಡುವೆ ನುಣುಪಾದ ಬಟ್ಟಲು. ಆ ಬಟ್ಟಲಿಗೆ ಅಳತೆ ಯಾವುದು? ತಾಯಿಹಕ್ಕಿಯು ಎದೆಯೊತ್ತಿ ಸುತ್ತಿಸುತ್ತಿ ಮಾಡಿದ ಹಳ್ಳವದು. ಎಂದಮೇಲೆ ಹಕ್ಕಿ ಅಲ್ಲಿಲ್ಲವೆಂದು ಹೇಳುವುದು ಹೇಗೆ? ಆಲಂಕಾರಿಕರ ಮಾತಿನಲ್ಲಿ ಗೂಡು ವಾಚ್ಯ, ಹಕ್ಕಿ ವ್ಯಂಗ್ಯ. ಹಕ್ಕಿಯನ್ನು ಬರೆದಿದ್ದರೆ ಧ್ವನಿಯೇ ಕೆಡುತ್ತಿದ್ದಿತು.

ಕೆಟ್ಟಿರುವುದು ಅಚ್ಚಿನವರಿಂದ. ಮೂಲದಲ್ಲಿ ಗೂಡುಗಳು ನಿಜವಾದ ಅಳತೆಯಲ್ಲಿವೆ. ಇಲ್ಲಿ ಗೇಣುದ್ದದ ಚೌಕಟ್ಟಿಗೆ ಕುಗ್ಗಿಸಿ ಮೊಟ್ಟೆಗಳನ್ನು ಹುಣಸೆಬೀಜ ಮಾಡಿರುವರು. ಅಂಚಿನಲ್ಲಿ ಹಕ್ಕಿಯ ಹೆಸರುಂಟು, ಬರೆದವರ ಹೆಸರಿಲ್ಲ.

ನನ್ನ ನಿಜವಾದ ಆಕ್ಷೇಪಣೆ ಬೇರೆ. ಈ ಮನೆಯ ಹುಡುಗನು ಹಿತ್ತಿಲಿನ ಗಿಡದಲ್ಲಿ ಎಲೆಗಳನ್ನು ಹೊಲಿದು ಪುಟ್ಟ ಹಕ್ಕಿಯೊಂದು ಕಟ್ಟಿದ್ದ ಗೂಡನ್ನು ಮೊಟ್ಟೆಸಮೇತ ಕಿತ್ತುತಂದು, ಚಿತ್ರದೊಡನೆ ಹೋಲಿಸಿ ನೋಡಿದನಂತೆ. ಗದರಿಸಿದರೆ, "ಅವರೂ ಕಿತ್ತುತಂದೇ ಬರೆದರಲ್ಲವೆ ತಾತ?" ಎಂದನು. ನಮ್ಮ ದೇಶದ 1972ರ ವನ್ಯಜೀವಿ ಕಾಯಿದೆಯು ಕಾಡುಹಕ್ಕಿಯ ಮೊಟ್ಟೆ-ಗೂಡುಗಳನ್ನು ಹಾಳುಮಾಡುವುದನ್ನೂ ಬೇಟೆಯೆಂದೇ ಎಣಿಸುತ್ತದೆ ಎಂದು ಹೇಳಿದೆನು. ಅದು ಅವನ ಪ್ರಶ್ನೆಗೆ ಉತ್ತರವಾಗಲಿಲ್ಲ. ಜೋನ್ಸರ ಕೆಲಸಕ್ಕೂ ಗೂಡುಗಳು ಬರಿದಾದುವೆಂಬುದು ನಿಜವೇ.

ಪಂಚತಂತ್ರದಲ್ಲಿ ಸಮುದ್ರವು ಮೊಟ್ಟೆಗಳನ್ನು ಕದ್ದುದಕ್ಕೆ ಟಿಟ್ಟಿಭವು ಗರುಡನವರೆಗೂ ದೂರು ಒಯ್ದಿತು. ಆ ಟಿಟ್ಟಿಭ ನಮ್ಮ ಕೆರೆಬಯಲುಗಳಲ್ಲಿಯೂ ಉಂಟು. ಅದು ಗೂಡನ್ನೇ ಹೆಣೆಯದು. ಬಯಲು ನೆಲದ ಕಲ್ಲುಗಳ ನಡುವೆ ಕಲ್ಲಿನದೇ ಬಣ್ಣದ ಚುಕ್ಕೆಯ ಮೊಟ್ಟೆಗಳನ್ನಿಡುವುದು, ಸಾಮಾನ್ಯವಾಗಿ ನಾಲ್ಕು. ಯಥಾವತ್ತಾಗಿ ಬರೆದರೆ ನೋಡುವವನಿಗೆ ಬರಿಯ ಕಲ್ಲುಗಳೇ ಕಾಣಬೇಕು. ನಮ್ಮ ಚಿತ್ರಕಾರರಾರಾದರೂ ಅದನ್ನು ಬರೆದರೆ, ಥ್ರಷ್ ಗೂಡಿನ ಪಕ್ಕದಲ್ಲಿ, ಆ ಹುಡುಗನ ಕಣ್ಣಿನ ಎತ್ತರಕ್ಕೆ ತೂಗುಹಾಕಿಸುವೆನು.