ಚೀಸ್ ಕರಗಿತು, ಬೇಸ್ ಬೇಯಲಿಲ್ಲ

ಕೊಳ್ಳೇಗಾಲದ ಕಡೆಯ ಪುಟ್ಟ ಅಂಗಡಿಯೊಂದರ ಪನೀರ್ ಪಿಜ್ಜಾಕ್ಕೆ ಕಾಮಗೆರೆಯ ಹುಡುಗರ ಬಾಯಲ್ಲಿ ದೊಡ್ಡ ಹೆಸರು. ‘ಚೀಸ್ ಎಳೆದ್ರೆ ಮೊಳದುದ್ದ ಬತ್ತದೆ’ ಅನ್ನುವುದೇ ಅವರ ವಿಮರ್ಶೆ. ಮೊಬೈಲಿನಲ್ಲಿ ರುಚಿ ಹೇಳುವವರದೂ ಇದೇ ಮಾತು. ತಿಂದು ನೋಡಿದೆ. ಚೀಸ್ ಮೊಳದುದ್ದ ಬಂತು; ಅದರ ಕೆಳಗೆ ಪಿಜ್ಜಾ ಇರಲಿಲ್ಲ.

ಮೆಚ್ಚುವುದನ್ನು ಮೊದಲೇ ಹೇಳಿಬಿಡುತ್ತೇನೆ: ಪನೀರ್ ಮೆತ್ತಗಿತ್ತು, ಹಸಿಮೆಣಸಿನಕಾಯಿ ಹಾಕುವಲ್ಲಿ ಜಿಪುಣತನವಿರಲಿಲ್ಲ. ಅಷ್ಟೇ.

ಬೇಸ್ ಬರುವುದೇ ಪ್ಲಾಸ್ಟಿಕ್ ಕವರಿನಲ್ಲಿ, ಎಲ್ಲೋ ಬೆಂದು. ಅದರ ಮೇಲೆ ಸಿಹಿ ಸಾಸ್, ಈರುಳ್ಳಿ, ದಪ್ಪ ಮೆಣಸಿನಕಾಯಿ, ತುರಿದ ಚೀಸ್ ಹರಡಿ ಕರೆಂಟ್ ಓವನ್ನಿಗೆ ತಳ್ಳುತ್ತಾರೆ. ಎಷ್ಟು ಹೊತ್ತು? ಚೀಸ್ ಕರಗುವವರೆಗೆ. ಎಡವಟ್ಟಾಗುವುದು ಇಲ್ಲೇ. ಚೀಸ್ ಕರಗಲು ನೀರು ಕುದಿಯುವಷ್ಟು ಶಾಖವೂ ಬೇಡ. ಮೇಲೆ ಹೊಳಪು ಬರುವಾಗ ಈರುಳ್ಳಿ ಇನ್ನೂ ನೀರು ಬಿಡುತ್ತಿರುತ್ತದೆ. ಅದು ಆವಿಯಾಗುವ ಮೊದಲೇ ತಟ್ಟೆ ಹೊರಗೆ. ಆ ನೀರನ್ನೆಲ್ಲ ಕುಡಿಯುವುದು ಬೇಸ್. ನನ್ನ ತುಂಡು ನಡುವೆ ಹಸಿಹಸಿ, ಅಂಚಿನಲ್ಲಿ ಚರ್ಮ. ತಿರುವಿ ನೋಡಿದರೆ ತಳ ಬೆಳ್ಳಗಿತ್ತು, ಒಂದು ಕಪ್ಪು ಚುಕ್ಕಿಯೂ ಇಲ್ಲ. ಒಮ್ಮೆ ಬೆಂದ ಹಿಟ್ಟಿನಲ್ಲಿ ಈಸ್ಟ್ ಸತ್ತಿರುತ್ತದೆ, ಮತ್ತೆ ಉಬ್ಬುವುದಿಲ್ಲ. ಇಟಲಿಯ ನೇಪಲ್ಸಿನಲ್ಲಾದರೆ 430 ಡಿಗ್ರಿ ದಾಟಿದ ಸೌದೆ ಒಲೆಯೊಳಗೆ ಹಸಿ ಹಿಟ್ಟು 60ರಿಂದ 90 ಸೆಕೆಂಡಿನಲ್ಲಿ ಉಬ್ಬಿ, ಅಲ್ಲಲ್ಲಿ ಸುಟ್ಟು, ಚೀಸಿನ ಜೊತೆಗೇ ಬೇಯುತ್ತದೆ. 2017ರಲ್ಲಿ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿದ್ದೂ ಆ ಹಿಟ್ಟು ತಟ್ಟಿ ಸುಡುವ ಕಸುಬನ್ನೇ.

ಇಷ್ಟಕ್ಕೇ ಇನ್ನೊಂದು ಬಣ ಖುಷಿಪಡುವುದು ಬೇಡ. ಪಿಜ್ಜಾ ಬಂದು ರಾಗಿಮುದ್ದೆ ಕೆಟ್ಟಿತು, ಮೈದಾ ಅಂದರೆ ವಿಷ ಎಂದು ಅಂಕಣ ಬರೆಯುವವರ ಬಣ ಅದು. 1996ರಲ್ಲಿ ನಂಜುಂಡಸ್ವಾಮಿಯವರ ರೈತಸಂಘ ಬೆಂಗಳೂರಿನ ಕೆಎಫ್‌ಸಿಗೆ ನುಗ್ಗಿದಾಗ ಅದರ ಹಿಂದೆ ಬಹುರಾಷ್ಟ್ರೀಯ ಬಂಡವಾಳದ ವಿರುದ್ಧ ಒಂದು ವಾದವಿತ್ತು. ಈ ಅಂಕಣಕಾರರದು ಬರೀ ಹಳಹಳಿ. ರಾತ್ರಿ ಪರೋಟ, ಸಾಲ್ನಾ ಮುಂದೆ ಕೂತಾಗ ಇದೇ ಮಹನೀಯರಿಗೆ ಮೈದಾ ನೆನಪಾಗುವುದಿಲ್ಲ. ಪರೋಟ ಮಾಸ್ಟರು ಅದೇ ಮೈದಾವನ್ನು ನಾದಿ, ಎಣ್ಣೆಯಲ್ಲಿ ನೆನೆಯಲು ಬಿಟ್ಟು, ಬೀಸಿ, ಸುತ್ತಿ, ಕಾದ ಕಲ್ಲಿನ ಮೇಲೆ ಎರಡೂ ಮಗ್ಗುಲು ಕೆಂಪಗೆ ಬೇಯಿಸುತ್ತಾರೆ. ನಾನು ಹೋದ ಪಿಜ್ಜಾ ಅಂಗಡಿಯಲ್ಲಿ ಹಿಟ್ಟು ಮುಟ್ಟಿದವರೇ ಇಲ್ಲ. ಮೈದಾ ಮೇಲೆ ದೂರು ಹೇಳಿ ಏನು ಫಲ?

ಬೇಸ್ ಸರಿಯಾಗಿ ಬೇಯಲು ಇಟಲಿಯಿಂದ ಒಲೆ ತರಿಸಬೇಕಿಲ್ಲ. ಖಾರಾ ಬನ್ ಮಾಡುವ ಬೇಕರಿಯವರನ್ನು ಕೇಳಿ ಈಸ್ಟ್ ಹಾಕಿದ ಹಿಟ್ಟು ತಂದು, ತಟ್ಟಿ, ಮೊದಲು ಕಾದ ಕಲ್ಲಿನ ಮೇಲೆ ತಳ ಕೆಂಪಾಗಿಸಲಿ, ಚೀಸ್ ಆಮೇಲೆ. ಅಲ್ಲಿಯವರೆಗೆ ಆ ಅಂಗಡಿಗೆ ಹೋದರೆ ನಾನು ಕೇಳುವುದು ಮಸಾಲೆ ಬ್ರೆಡ್ ಟೋಸ್ಟ್. ಅದನ್ನಾದರೂ ಎರಡೂ ಕಡೆ ಕಾಯಿಸುತ್ತಾರೆ.