ಟ್ರಾಟ್ ಪಳಗುವುದು ಬೇಲಿಯಾಚೆ

ಬೆಂಗಳೂರಿನ ಸುತ್ತ ಮಳೆ ನಿಂತು ಮಣ್ಣುದಾರಿಗಳು ಹದವಾಗಿವೆ. ಇಂಥ ದಿನಗಳಲ್ಲಿ ಕುದುರೆಯನ್ನು ಬೇಲಿಯೊಳಗೆ ಸುತ್ತಿಸುವುದಕ್ಕಿಂತ ನೀಲಗಿರಿ ತೋಪುಗಳ ಕಡೆ ಹ್ಯಾಕಿಂಗ್ (ಬಯಲು ಸವಾರಿ) ಹೊರಡುವುದೇ ಮೇಲು. ಹೊರಡುವಾಗ ಡ್ರಾ ರೇನ್ ಮಾತ್ರ ಲಾಯದಲ್ಲೇ ಬಿಟ್ಟುಬನ್ನಿ.

ಆ ಪಟ್ಟಿಯ ಮೇಲೆ ನನಗೆ ಹಳೆಯ ಸಿಟ್ಟು. ಹೊಟ್ಟೆಪಟ್ಟಿಯಿಂದ ಹೊರಟು ಕಡಿವಾಣದ ಬಳೆಯೊಳಗೆ ಹಾದು ಸವಾರನ ಕೈಗೆ ಬರುವ ಅದು ಕತ್ತನ್ನು ಬಗ್ಗಿಸುತ್ತದೆ, ಅಷ್ಟೇ. ಸುಮ್ಮನೆ ನಿಂತಾಗಲೂ ಕುದುರೆಯ ತೂಕದಲ್ಲಿ ಸುಮಾರು ಶೇ 60 ಮುಂಗಾಲುಗಳ ಮೇಲಿರುತ್ತದೆ. ಕತ್ತನ್ನು ಕೆಳಕ್ಕೆ ಎಳೆದರೆ ಆ ಭಾರ ಹಿಂದೆ ಸರಿಯುವುದಿಲ್ಲ, ಇನ್ನಷ್ಟು ಮುಂದಕ್ಕೆ ಬೀಳುತ್ತದೆ. ದಾರಿಯಲ್ಲಿ ಎಡವಿದ ಕುದುರೆ ಸಾವರಿಸಿಕೊಳ್ಳುವುದು ಕತ್ತಿನಿಂದಲೇ. ಕತ್ತನ್ನೇ ಹಿಡಿದಿಟ್ಟರೆ ಕುದುರೆ ಏನು ಮಾಡಬೇಕು?

ಈ ಜಗಳ ನನ್ನಿಂದ ಶುರುವಾದದ್ದಲ್ಲ. 19ನೇ ಶತಮಾನದಲ್ಲಿ ಫ್ರಾನ್ಸಿನ ಫ್ರಾಂಸ್ವಾ ಬೊಶೆ, ಕುದುರೆಯನ್ನು ನಿಂತಲ್ಲೇ ನಿಲ್ಲಿಸಿ ದವಡೆ, ಕತ್ತು ಸಡಿಲಿಸುವುದರಿಂದ ಪಾಠ ಆರಂಭಿಸಿದ. ಡ್ರಾ ರೇನ್ ಅವನದಲ್ಲ. ಆದರೆ ಮೊದಲು ಕತ್ತು ಬಗ್ಗಲಿ, ಉಳಿದದ್ದು ಆಮೇಲೆ ಎನ್ನುವವರೆಲ್ಲ ಅವನ ಕಡೆಯವರೇ. ಜರ್ಮನಿಯ ಗುಸ್ಟಾವ್ ಸ್ಟೈನ್‌ಬ್ರೆಕ್ಟ್ ಇದನ್ನು ಕಟುವಾಗಿ ವಿರೋಧಿಸಿದ. ಅವನ ಹಸ್ತಪ್ರತಿಯನ್ನು ಪುಸ್ತಕವಾಗಿಸಿದವನು ಶಿಷ್ಯ ಪೌಲ್ ಪ್ಲಿಂಟ್ಸ್‌ನರ್. ಆ ಪುಸ್ತಕ ನನ್ನ ತಲೆದಿಂಬಿನ ಪಕ್ಕದ್ದು. ಕುದುರೆಯನ್ನು ಮುನ್ನಡೆಸಬೇಕು, ನೇರಗೊಳಿಸಬೇಕು ಎಂಬುದು ಅದರ ತಿರುಳು. ಮುನ್ನಡೆಸುವುದೆಂದರೆ ಜೋರಾಗಿ ಓಡಿಸುವುದಲ್ಲ ಎಂದೂ ಅವನು ಬಿಡಿಸಿ ಹೇಳುತ್ತಾನೆ: ಕುದುರೆ ಯಾವ ನಡಿಗೆಯಲ್ಲಿರಲಿ, ಹಿಂದಕ್ಕೇ ಹೆಜ್ಜೆಯಿಡುತ್ತಿರಲಿ, ಹಿಂಗಾಲಿನ ತಳ್ಳುವ ಶಕ್ತಿ ಎಚ್ಚರವಾಗಿರಬೇಕು. ನಮ್ಮಲ್ಲಿ ಎಷ್ಟೋ ಸವಾರರು ಮೊದಲ ಅರ್ಧ ಕೇಳಿಸಿಕೊಂಡು ಕುದುರೆಗೆ ಹಿಮ್ಮಡಿ ಕೊಡುತ್ತಾರೆ.

ಓಡಿಸುವುದಕ್ಕೂ ಮುನ್ನಡೆಸುವುದಕ್ಕೂ ಇರುವ ವ್ಯತ್ಯಾಸ ಟ್ರಾಟ್‌ನಲ್ಲಿ ಕಾಣುತ್ತದೆ. ಅಲ್ಲಿ ಎರಡು ಜೋಡಿ ಕರ್ಣಗಾಲುಗಳ (ಒಂದು ಮುಂಗಾಲು, ಎದುರುಬದಿಯ ಹಿಂಗಾಲು) ನಡುವೆ ನಾಲ್ಕು ಗೊರಸೂ ನೆಲ ಬಿಟ್ಟಿರುವ ಒಂದು ಕ್ಷಣವಿದೆ. ಲಯ ಇರುವುದು ಆ ಕ್ಷಣದಲ್ಲಿ. ಕಾಲ ಓಡಿಸುವ ಗಾಯಕನ ಹಾಡಿನಲ್ಲಿ ವಿರಾಮ ಮಾಯವಾಗುವಂತೆ, ಧಾವಿಸುವ ಕುದುರೆಯಲ್ಲಿ ಮೊದಲು ಹೋಗುವುದು ಅದು. ಹೆಜ್ಜೆ ಗಿಡ್ಡವಾಗುತ್ತದೆ, ಬಿರುಸಾಗುತ್ತದೆ. ಆಗ ಲಗಾಮು ಜಗ್ಗಬೇಡಿ. ನಿಮ್ಮ ಏಳು-ಕೂರನ್ನು ಕೂದಲೆಳೆಯಷ್ಟು ನಿಧಾನ ಮಾಡಿ, ಮೇಲೆದ್ದಾಗ ಅರೆಗಳಿಗೆ ತಡೆದು ಮೃದುವಾಗಿ ಕೂರಿ. ಬೆನ್ನು ಬಿಗಿಯದ ಕುದುರೆ ಕೆಲವೇ ಹೆಜ್ಜೆಗಳಲ್ಲಿ ನಿಮಗಾಗಿ ಕಾಯತೊಡಗುತ್ತದೆ. ಕಾಯದಿದ್ದರೆ ನಡಿಗೆಗೆ ಇಳಿಸಿ, ಹತ್ತು ಹೆಜ್ಜೆ ಬಿಟ್ಟು ಮತ್ತೆ ಟ್ರಾಟ್ ಕೇಳಿ. ನಡಿಗೆಗೆ ಇಳಿಸುವುದು ಲಯ ಪೂರ್ತಿ ಕೆಟ್ಟ ಮೇಲಲ್ಲ, ಕೆಡುವ ಮೊದಲೇ.

ನಮ್ಮ ಸವಾರಿ ಶಾಲೆಗಳಲ್ಲಿ ರೇಸ್‌ಕೋರ್ಸಿನಿಂದ ನಿವೃತ್ತವಾದ ಥರೋಬ್ರೆಡ್‌ಗಳು ಬಹಳ. ಅವುಗಳಿಗೆ ನಾಗಾಲೋಟ ಚೆನ್ನಾಗಿ ಗೊತ್ತು. ಟ್ರಾಟ್ ಎಂದರೆ ಅದಕ್ಕೆ ಹೋಗುವ ದಾರಿ ಎಂದುಕೊಂಡಿರುತ್ತವೆ. ಅಂಥವಕ್ಕೆ ಉದ್ದನೆಯ, ಹಗುರಾದ ಏರಿಗಿಂತ ಒಳ್ಳೆಯ ಗುರುವಿಲ್ಲ. ಏರಿನಲ್ಲಿ ಹಿಂಗಾಲು ತಳ್ಳಲೇಬೇಕು, ಅವಸರ ತಾನಾಗಿ ಇಳಿಯುತ್ತದೆ. ಅಖಾಡದಲ್ಲಿ ದಿಕ್ಕು ಬದಲಿಸುವಾಗ ಏಳು-ಕೂರಿನ ಕರ್ಣವನ್ನೂ ಬದಲಿಸುವ ನಾವು ನೇರ ದಾರಿಯಲ್ಲಿ ಅದನ್ನು ಮರೆತೇಬಿಡುತ್ತೇವೆ. ಕಿಲೋಮೀಟರ್‌ಗಟ್ಟಲೆ ಒಂದೇ ಕರ್ಣದಲ್ಲಿ ಎದ್ದು ಕೂತರೆ ಕುದುರೆ ಸೊಟ್ಟಗಾಗುತ್ತದೆ. ವಿದ್ಯುತ್ ಕಂಬವನ್ನೋ ಹುಣಸೆಮರವನ್ನೋ ಗುರುತಿಟ್ಟುಕೊಂಡು ಬದಲಿಸಿ. ಡಾಂಬರಿನ ಮೇಲೂ ಕಾಲು ಹೂಳುವ ಮರಳಿನಲ್ಲೂ ಟ್ರಾಟ್ ಬೇಡ: ಒಂದರಲ್ಲಿ ಕೀಲಿಗೆ ಪೆಟ್ಟು, ಇನ್ನೊಂದರಲ್ಲಿ ಸ್ನಾಯುರಜ್ಜುವಿಗೆ.

ಇಳಿಜಾರು ಕೊನೆಯ ಪಾಠ. ಏರಿನಲ್ಲೂ ಸಮನೆಲದಲ್ಲೂ ಲಯ ನಿಲ್ಲುವ ತನಕ ಇಳುಕಲನ್ನು ನಡಿಗೆಯಲ್ಲೇ ಇಳಿಸಿ, ಅದೂ ಓರೆಯಾಗಿ ಅಲ್ಲ, ನೇರವಾಗಿ. ಓರೆಗೆ ಇಳಿಯುವ ಕುದುರೆಯ ಹಿಂಗಾಲು ಪಕ್ಕಕ್ಕೆ ಜಾರುತ್ತದೆ. ನೇರ ಇಳಿದರೆ ಎರಡೂ ಹಿಂಗಾಲು ಹೊಟ್ಟೆಯಡಿ ಬಂದು ಭಾರ ಹೊರುತ್ತವೆ. ಅದು ಅಭ್ಯಾಸವಾದ ಮೇಲೆ ಹಗುರಾದ ಇಳುಕಲಿನಲ್ಲಿ ನಾಲ್ಕಾರು ಹೆಜ್ಜೆ ಟ್ರಾಟ್ ಕೇಳಿ ನೋಡಿ. ಅವಸರ ಕಂಡರೆ ಮರಳಿ ನಡಿಗೆಗೆ ಬನ್ನಿ, ಆ ದಿನಕ್ಕೆ ಅಷ್ಟು ಸಾಕು.