ಕುಳಿಗಳಿಂದ ಎದ್ದ ಮನೆ

ಇಂಗ್ಲೆಂಡಿನ ಸಾಲಿಸ್‌ಬರಿ ಪಟ್ಟಣದ ಹತ್ತಿರ ಲಿಟಲ್ ವುಡ್‌ಬರಿ ಎಂಬ ಕಬ್ಬಿಣಯುಗದ ನೆಲೆಯೊಂದಿದೆ. 1938 ಮತ್ತು 1939ರಲ್ಲಿ ಅದನ್ನು ಅಗೆಸಿದವರು ಗೆರ್ಹಾರ್ಡ್ ಬೆರ್ಸು. ಫ್ರಾಂಕ್‌ಫರ್ಟಿನ ಪುರಾತತ್ವ ಆಯೋಗದ ಮುಖ್ಯಸ್ಥರಾಗಿದ್ದ ಅವರನ್ನು ಯಹೂದಿ ಮೂಲದವರೆಂಬ ಕಾರಣಕ್ಕೆ ನಾಜಿ ಸರ್ಕಾರ ಹುದ್ದೆಯಿಂದ ಕಿತ್ತುಹಾಕಿತ್ತು. ವರದಿ ಅಚ್ಚಾದ 1940ರಲ್ಲಿ ಬ್ರಿಟನ್ ಸರ್ಕಾರ ಅದೇ ಬೆರ್ಸು ಅವರನ್ನು ಶತ್ರುದೇಶದವರೆಂದು ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ಕೂಡಿಹಾಕಿತು. ಅಲ್ಲೂ ಅವರು ಸುಮ್ಮನೆ ಕೂರಲಿಲ್ಲ, ಜೊತೆಯ ಬಂದಿಗಳನ್ನು ಕಟ್ಟಿಕೊಂಡು ಅಗೆದರು.

ಆ ವರದಿ ಬರುವ ತನಕ ಬ್ರಿಟನ್ನಿನ ವಿದ್ವಾಂಸರಲ್ಲಿ ಬಹುಮಂದಿ, ಕಬ್ಬಿಣಯುಗದ ಜನ ನೆಲದೊಳಗಿನ ಗುಂಡಿಗಳಲ್ಲಿ ವಾಸವಿದ್ದರೆಂದು ನಂಬಿದ್ದರು. ಅಗೆದಾಗಲೆಲ್ಲ ಎದ್ದು ಕಾಣುತ್ತಿದ್ದುದು ಆಳವಾದ ಗುಂಡಿಗಳು. ಅವುಗಳಲ್ಲಿ ಮಡಕೆ ಚೂರು, ಮೂಳೆ, ಬೂದಿ. ಅಂದಮೇಲೆ ಅದೇ ಮನೆ! ಬೆರ್ಸು ಅವುಗಳನ್ನು ಧಾನ್ಯದ ಹಗೇವುಗಳೆಂದು ಗುರುತಿಸಿ, ಮನೆಯನ್ನು ಬೇರೆ ಕಡೆ ಹುಡುಕಿದರು. ಸುಣ್ಣಕಲ್ಲಿನ ಬಿಳಿ ನೆಲದಲ್ಲಿ ಕಪ್ಪು ಮಚ್ಚೆಗಳಂತೆ ಹರಡಿದ್ದ ಸಣ್ಣ ಕುಳಿಗಳಲ್ಲಿ ಅದು ಸಿಕ್ಕಿತು: ಸುಮಾರು 15 ಮೀಟರ್ ಅಗಲದ ದುಂಡು ಮನೆ, ಹೊರಗೊಂದು ಕಂಬಗಳ ಸುತ್ತು, ಒಳಗೊಂದು ಸುತ್ತು, ನಡುವೆ ನಾಲ್ಕು ಕಂಬ, ಮುಂದೆ ಬಾಗಿಲ ಚಾವಡಿ. ಗುಹೆವಾಸಿಯಂತೆ ಕಾಣುತ್ತಿದ್ದ ಮನುಷ್ಯ ಒಂದೇ ವರದಿಯಲ್ಲಿ ಅನುಕೂಲಸ್ಥ ಒಕ್ಕಲಿಗನಾದ.

ಈ ಕೆಲಸವನ್ನು ಹೊಗಳುವವರು ಸಾಮಾನ್ಯವಾಗಿ ಆ ಮನೆಯನ್ನು ಹೊಗಳುತ್ತಾರೆ. ನನಗೆ ಮನೆಗಿಂತ ಕುಳಿಗಳನ್ನು ಬರೆದಿಟ್ಟ ರೀತಿ ದೊಡ್ಡದು. ಕಂಬದ ಕುಳಿ ವಿಚಿತ್ರವಾದ ಸಾಕ್ಷ್ಯ. ಮಡಕೆಯನ್ನು ವಸ್ತುಸಂಗ್ರಹಾಲಯದಲ್ಲಿಟ್ಟು ಮತ್ತೆ ಮತ್ತೆ ನೋಡಬಹುದು. ಕುಳಿಯನ್ನು ಓದಬೇಕಾದರೆ ಅದನ್ನು ತೋಡಿ ಹಾಕಲೇಬೇಕು. ತೋಡಿದ ಮೇಲೆ ಉಳಿಯುವುದು ಒಂದು ತೂತು ಮಾತ್ರ. ಆದ್ದರಿಂದ ಬಲ್ಲವರು ಮೊದಲು ಅರ್ಧವನ್ನಷ್ಟೇ ತೋಡುತ್ತಾರೆ. ನಡುಗೆರೆಯ ಆಚೆಗಿನ ಅರ್ಧ ಗೋಡೆಯಂತೆ ನಿಂತಾಗ ಅದರ ಛೇದನೋಟವನ್ನು ಬರೆದು, ಫೋಟೋ ತೆಗೆದು, ಮಣ್ಣಿನ ಬಣ್ಣ, ಜಿಗುಟು, ಇದ್ದಿಲು, ಕಲ್ಲು ಎಲ್ಲವನ್ನೂ ಗುರುತು ಹಾಕಿಕೊಂಡು, ಆಮೇಲೆ ಉಳಿದರ್ಧಕ್ಕೆ ಕರಣೆ ಹಾಕುತ್ತಾರೆ.

ಆ ಛೇದನೋಟದಲ್ಲಿ ಮೂರು ಸಂಗತಿಗಳನ್ನು ಬೇರೆಬೇರೆಯಾಗಿ ನೋಡಬೇಕು. ಕಂಬ ನೆಡಲು ಅಗೆದ ಅಗಲವಾದ ಗುಂಡಿ ಒಂದು. ಕಂಬ ಅಲ್ಲಾಡದಂತೆ ಸುತ್ತ ಗಿಡಿದ ಕಲ್ಲು, ಮಣ್ಣು ಇನ್ನೊಂದು. ಕಂಬವೇ ನಿಂತಿದ್ದ, ಈಗ ಕಪ್ಪು ಸಡಿಲ ಮಣ್ಣು ತುಂಬಿದ ಕೊಳವೆಯಂಥ ಜಾಗ ಮೂರನೆಯದು. ಕಂಬ ನಿಂತಲ್ಲೇ ಕೊಳೆತಿದ್ದರೆ ಈ ಕೊಳವೆ ನೆಟ್ಟಗಿರುತ್ತದೆ. ಯಾರೋ ಅಲ್ಲಾಡಿಸಿ ಕಿತ್ತಿದ್ದರೆ ಬಾಯಿ ಅಗಲವಾಗಿ, ಗಿಡಿದ ಕಲ್ಲುಗಳು ಒಳಗೆ ಕುಸಿದಿರುತ್ತವೆ. ಸುಟ್ಟಿದ್ದರೆ ಇದ್ದಿಲು, ಕೆಂಪಾದ ಮಣ್ಣು. ಅಂದರೆ ಕುಳಿಯೊಂದು ಮನೆ ಎದ್ದ ಬಗೆಯನ್ನೂ ಬಿದ್ದ ಬಗೆಯನ್ನೂ ಹೇಳಬಲ್ಲದು. ನಕ್ಷೆಯಲ್ಲಿ ಬರೀ ಕಪ್ಪು ಚುಕ್ಕಿ ಇಟ್ಟವರು ಇದನ್ನೆಲ್ಲ ಕಳೆದವರೇ. ಆ ಚುಕ್ಕಿಗಳಲ್ಲಿ ಒಂದೆರಡು ಮೊಲದ ಬಿಲವೋ ಸತ್ತ ಮರದ ಬೇರೋ ಆಗಿದ್ದರೂ ತಿಳಿಯುವ ದಾರಿ ಇರುವುದಿಲ್ಲ. ಬೆರ್ಸು ಛೇದನೋಟಗಳನ್ನು ಬರೆದರು, ಅಚ್ಚು ಹಾಕಿಸಿದರು. ಜರ್ಮನಿಯಲ್ಲಿ ಗೋಲ್ಡ್‌ಬರ್ಗ್ ಬೆಟ್ಟದ ನೆಲೆಯನ್ನು ವರ್ಷಗಟ್ಟಲೆ ಅಗೆದು ಪಳಗಿದ ಕಣ್ಣು ಅವರದು.

ಹಾಗೆಂದು ವರದಿ ದೋಷವಿಲ್ಲದ್ದೇನಲ್ಲ. ಅವರು ನೆಲವನ್ನು ಪಟ್ಟಿಪಟ್ಟಿಯಾಗಿ ಅಗೆಸಿ, ಒಂದರ ಮಣ್ಣನ್ನು ಮುಗಿದ ಇನ್ನೊಂದಕ್ಕೆ ತುಂಬಿಸುತ್ತ ಸಾಗಿದರು. ಯುದ್ಧ ಬಂದು ಕೆಲಸ ನಿಂತಾಗ ನೆಲೆಯ ಒಂದು ಭಾಗವಷ್ಟೇ ತೆರೆದಿತ್ತು, ಅದೂ ಒಮ್ಮೆಗೇ ಕಣ್ಣೆದುರು ಇರಲಿಲ್ಲ. ಆ ಭಾಗದಿಂದ ಇಡೀ ಹೊಲಮನೆಯ ಬೆಳೆಯನ್ನು ಲೆಕ್ಕ ಹಾಕಿದ್ದು ಅತಿಯಾಯಿತು. ಹಗೇವುಗಳು ಬೇಗ ಕೆಡುತ್ತವೆ ಎಂಬ ಊಹೆಯ ಮೇಲೆ ಆ ಲೆಕ್ಕ ನಿಂತಿತ್ತು. ಒಂದೇ ಹಗೇವನ್ನು ಹಲವು ವರ್ಷ ಬಳಸಬಹುದೆಂದು ಮುಂದೆ ಪ್ರಯೋಗಗಳು ತೋರಿಸಿದವು. ಇನ್ನು ನಡುವಿನ ನಾಲ್ಕು ಕಂಬ. ಅವು ಸೂರಿನ ನಡುಭಾಗವನ್ನು ಎತ್ತಿ ಹಿಡಿದಿದ್ದವು ಎಂದು ಬೆರ್ಸು ಭಾವಿಸಿದರು. ಆದರೆ ನಾಲ್ಕೂ ಕುಳಿಗಳು ಮನೆಯ ಕಾಲದವೇ ಎಂದು ಮಣ್ಣು ತಾನಾಗಿ ಹೇಳುವುದಿಲ್ಲ. ಸೂರು ಹೊತ್ತವೋ, ಅಟ್ಟ ಹೊತ್ತವೋ, ಬೇರೆ ತಲೆಮಾರಿನ ಕಣಜದ ಕಾಲುಗಳೋ? ಒಂದು ಕುಳಿ ಇನ್ನೊಂದನ್ನು ಕಡಿದು ಹೋಗಿದ್ದರೆ ಯಾವುದು ಮೊದಲೆಂದು ತಿಳಿಯುತ್ತದೆ. ಪಕ್ಕಪಕ್ಕದಲ್ಲಿದ್ದು ಮುಟ್ಟದ ಕುಳಿಗಳ ನಡುವೆ ಗೆರೆ ಎಳೆಯುವುದು ಅಗೆದವರ ಕೈ. ಆ ಗೆರೆಗೆ ಬೇಗ ಜೀವ ಬಂದುಬಿಡುತ್ತದೆ: 1946ರ ಒಂದು ಶೈಕ್ಷಣಿಕ ಚಿತ್ರಕ್ಕಾಗಿ ಲಿಟಲ್ ವುಡ್‌ಬರಿಯ ಮನೆಯನ್ನು ಸ್ಟುಡಿಯೋದಲ್ಲಿ ಕಟ್ಟಿ ನಿಲ್ಲಿಸಿದರು. ಸೆಟ್ಟಿನಲ್ಲಿ ಅನುಮಾನದ ಚುಕ್ಕೆಗೆರೆಗೆ ಜಾಗವಿಲ್ಲ.

ಕುಳಿಗಳಿಂದ ಮನೆಯನ್ನು ಊಹಿಸುವ ಈ ಕೆಲಸಕ್ಕೆ ನಿಜವಾದ ಪರೀಕ್ಷೆ ಒಡ್ಡಿದವರು ಪೀಟರ್ ರೆನಾಲ್ಡ್ಸ್. ಹ್ಯಾಂಪ್‌ಶೈರ್‌ನ ಬಟ್ಸರ್‌ನಲ್ಲಿ 1972ರಲ್ಲಿ ಪ್ರಾಯೋಗಿಕ ಕಬ್ಬಿಣಯುಗದ ಹೊಲವೊಂದನ್ನು ಆರಂಭಿಸಿದ ಅವರು, ಡಾರ್ಸೆಟ್‌ನ ಪಿಂಪರ್ನ್ ಉತ್ಖನನದಲ್ಲಿ ಸಿಕ್ಕ ಕುಳಿಗಳ ನಕ್ಷೆಯನ್ನೇ ಹಿಡಿದು 12.8 ಮೀಟರ್ ಅಗಲದ ಮನೆಯನ್ನು 1976ರಲ್ಲಿ ಕಟ್ಟಿದರು. ಶಂಕುವಿನಾಕಾರದ ಸೂರಿಗೆ ನಡುಗಂಬ ಬೇಕೇ ಇಲ್ಲ, ಭಾರವೆಲ್ಲ ಕಂಬಗಳ ತಲೆ ಕಟ್ಟುವ ಬಳೆಯಂಥ ತೊಲೆಗೆ ಹಂಚಿಹೋಗುತ್ತದೆ ಎಂಬುದು ಕಣ್ಣಿಗೆ ಕಂಡಿತು. ಅದಕ್ಕಿಂತ ಮುಖ್ಯವಾದ ಪಾಠ ಸಿಕ್ಕಿದ್ದು ಮನೆಯನ್ನು ಬಿಚ್ಚಿದಾಗ, 1990ರಲ್ಲಿ. ಹಲವು ಕಂಬಗಳು ನೆಲದೊಳಗೆ ಕೊಳೆತೇ ಹೋಗಿದ್ದವು, ಮನೆ ಮಾತ್ರ ಗಟ್ಟಿಯಾಗಿ ನಿಂತಿತ್ತು. ಕೊಳೆತ ಜಾಗಕ್ಕೆ ಮೇಲಿನಿಂದ ಕಸಕಡ್ಡಿ ಸೇರಿಕೊಂಡಿತ್ತು. ಕಂಬ ನಿಂತಿದ್ದ ಕೊಳವೆಯಲ್ಲಿ ಸಿಗುವ ಮಡಕೆ ಚೂರು ಮನೆ ಹಾಳುಬಿದ್ದ ಮೇಲಿನದು ಎಂದು ಪುರಾತತ್ವಜ್ಞರು ಲೆಕ್ಕ ಹಾಕುತ್ತಿದ್ದರು. ಒಲೆ ಉರಿಯುತ್ತಿರುವಾಗಲೇ ಆ ಚೂರು ಒಳಗೆ ಬಿದ್ದಿರಬಹುದು! ಕುಳಿಯೊಳಗಿನ ಇದ್ದಿಲನ್ನು ಇಂಗಾಲ ಪರೀಕ್ಷೆಗೆ ಕಳಿಸಿ ಬಂದ ಕಾಲವನ್ನು ಮನೆಯ ಮೇಲೆ ಹಾಗೇ ಹೊರಿಸುವವರು ರೆನಾಲ್ಡ್ಸ್ ಕುಳಿಯ ಹುಟ್ಟುಸಾವಿನ ಬಗ್ಗೆ ಬರೆದ ಲೇಖನವನ್ನು ಒಮ್ಮೆ ಓದಬೇಕು. ಆ ಇದ್ದಿಲು ಗುಂಡಿಯದೋ, ಗಿಡಿದ ಮಣ್ಣಿನದೋ, ಕೊಳವೆಯದೋ ಎಂದು ಛೇದನೋಟ ಹೇಳದಿದ್ದರೆ ಪ್ರಯೋಗಾಲಯದ ಸಂಖ್ಯೆಗೆ ಬೆಲೆಯಿಲ್ಲ.

ಈ ಅಳತೆಗೋಲನ್ನು ಹಿಡಿದು ನಮ್ಮ ನೆಲದ ಉತ್ಖನನಗಳನ್ನು ನೋಡಿದರೆ ಚಿತ್ರ ಬೇರೆ. 1947ರಲ್ಲಿ ಮೊಳಕಾಲ್ಮೂರಿನ ಬ್ರಹ್ಮಗಿರಿಯನ್ನು ಅಗೆಸಿದ ಮಾರ್ಟಿಮರ್ ವೀಲರ್ ಅವರಿಗೆ ಬೇಕಿದ್ದದ್ದು ಕಾಲದ ಏಣಿ: ಕಲ್ಲುಕೊಡಲಿಯ ಜನ, ಬೃಹತ್‌ಶಿಲಾ ಗೋರಿಗಳ ಜನ, ಆಂಧ್ರ ಸಂಸ್ಕೃತಿ, ಒಂದರ ಮೇಲೊಂದು. ಚೌಕಗಳ ನಡುವೆ ಮಣ್ಣಿನ ಗೋಡೆಗಳನ್ನು ಉಳಿಸಿಕೊಂಡು ಆಳಕ್ಕಿಳಿಯುವ ಅವರ ಪದ್ಧತಿ ಸ್ತರಗಳನ್ನು ಓದಲು ಅದ್ಭುತ. ಅದೇ ಪದ್ಧತಿ ಗುಡಿಸಲಿಗೆ ಶತ್ರು. ನಾಲ್ಕೈದು ಮೀಟರ್ ಅಗಲದ ದುಂಡು ಗುಡಿಸಲಿನ ಕುಳಿಗಳಲ್ಲಿ ಕೆಲವು ಆ ಗೋಡೆಗಳ ಕೆಳಗೇ ಉಳಿದರೆ ಸುತ್ತು ಎಂದಿಗೂ ಪೂರ್ತಿಯಾಗದು. ವೀಲರ್ ಶಿಸ್ತನ್ನು ದಶಕಗಳ ಕಾಲ ಪಾಠದಂತೆ ಒಪ್ಪಿಸಿದ ನಮ್ಮವರು ಆಳದಲ್ಲಿ ಗಳಿಸಿದ್ದನ್ನು ಅಗಲದಲ್ಲಿ ಕಳೆದರು ಎಂಬುದು ನನ್ನ ದೂರು.

ಅದಕ್ಕೇ ಎಂ. ಎಸ್. ನಾಗರಾಜರಾವ್ ಮತ್ತು ಕೆ. ಸಿ. ಮಲ್ಹೋತ್ರಾ ಅವರ ತೆಕ್ಕಲಕೋಟೆ ವರದಿ (1965) ಇಷ್ಟವಾಗುತ್ತದೆ. ಬಳ್ಳಾರಿ ಸೀಮೆಯ ಆ ಗ್ರಾನೈಟ್ ಗುಡ್ಡದ ಮೇಲೆ ನವಶಿಲಾಯುಗದ ದುಂಡು ಗುಡಿಸಲುಗಳನ್ನು ಗುರುತಿಸಿದ ಅವರು, ಅದೇ ಊರ ಬೋಯ ಜನರ ಗುಡಿಸಲುಗಳನ್ನು ಪಕ್ಕಕ್ಕಿಟ್ಟು ನೋಡಿದರು. ಕಂಬ, ತಡಿಕೆ, ಮಣ್ಣಿನ ಮೆತ್ತಿಗೆ, ಹುಲ್ಲಿನ ಸೂರು ಹೇಗೆ ಒಂದನ್ನೊಂದು ಹಿಡಿದು ನಿಲ್ಲುತ್ತವೆ ಎಂಬುದನ್ನು ಕಟ್ಟಿ ಬಾಳುವವರಿಂದ ತಿಳಿಯುವುದು ಬಟ್ಸರ್‌ನ ಪ್ರಯೋಗಕ್ಕಿಂತ ಅಗ್ಗ, ಕೆಲವು ಸಲ ಹೆಚ್ಚು ನಂಬಲರ್ಹ. ಅಪಾಯವೂ ಇಲ್ಲೇ ಇದೆ. ಬೋಯರ ಗುಡಿಸಲನ್ನು ತಲೆಯಲ್ಲಿಟ್ಟುಕೊಂಡು ಕುಳಿ ಹುಡುಕಿದವರಿಗೆ ಬೋಯರ ಗುಡಿಸಲೇ ಸಿಗುತ್ತದೆ. ಸುತ್ತಿಗೆ ಸೇರದ ಕುಳಿಗಳು ಆಗ ಟಿಪ್ಪಣಿಗೂ ಇಳಿಯದೆ ಹೋಗಬಹುದು.

ನಮ್ಮ ಮಣ್ಣಿನ ತೊಡಕು ಬೇರೆ. ಲಿಟಲ್ ವುಡ್‌ಬರಿಯ ಬಿಳಿ ನೆಲದಲ್ಲಿ ಕುಳಿ ತಾನಾಗಿ ಎದ್ದು ಕಾಣುತ್ತದೆ. ನಮ್ಮ ಎರೆಮಣ್ಣಾದರೋ ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಟ್ಟು ಮೇಲಿನದನ್ನು ಕೆಳಗೆ ನುಂಗುತ್ತದೆ, ಮಳೆಗೆ ಉಬ್ಬಿ ಎಲ್ಲವನ್ನೂ ಕಲಸುತ್ತದೆ. ಕಪ್ಪಿನೊಳಗಿನ ಕಪ್ಪನ್ನು ಕಣ್ಣಿಗಿಂತ ಮೊದಲು ಗುರುತಿಸುವುದು ಕರಣೆ ಹಿಡಿದ ಕೂಲಿಯವರ ಕೈ: ಇಲ್ಲಿ ಮೆತ್ತಗಿದೆ, ಇಲ್ಲಿ ಗಟ್ಟಿ. ಆ ಮಾತನ್ನು ಕುಳಿಯ ಸಂಖ್ಯೆಯ ಜೊತೆಗೇ ಬರೆದಿಡುವ ಹಾಳೆ ಪ್ರತಿ ಉತ್ಖನನದಲ್ಲೂ ಬೇಕು. ಅದರಲ್ಲಿ ಎರಡು ಅಂಕಣಗಳಿರಲಿ, ಕಂಬದ್ದೇ ಎಂದು ಗೊತ್ತಾದ ಕುಳಿಗಳಿಗೆ ಒಂದು, ಅನುಮಾನದವಕ್ಕೆ ಒಂದು. ವರದಿಯ ನಕ್ಷೆಯಲ್ಲೂ ಎರಡನೆಯ ಅಂಕಣದವು ಬೇರೆ ಗುರುತಿನಲ್ಲೇ ಅಚ್ಚಾಗಲಿ, ಸುತ್ತು ಎಷ್ಟೇ ಅರೆಬರೆಯಾಗಿ ಕಂಡರೂ.